ಹಲ್ಲು ಬಿದ್ದ ದಿನಾ ಬಾ

ದವಾಖಾನೆಯ ಶಟರ್ ಎಳೆದು ತಿಂಗಳುಗಳೇ ಆದವು, ನನ್ನ ಫೋನಿಗೆ ಮಾತ್ರ ಇನ್ನೂ ಬಿಡುವಿಲ್ಲ. ಲಕ್ಷ್ಮೇಶ್ವರದಿಂದ ಯಾರೋ, ಶಿರಹಟ್ಟಿಯಿಂದ ಯಾರೋ, ಮುಂಡರಗಿ ಕಡೆಯ ಯಾವುದೋ ಹಳ್ಳಿಯಿಂದ ಇನ್ಯಾರೋ. "ಅಕ್ಕಾರ, ಡಾಕ್ಟರ್ ಬಾಯಾರು ಅದಾರೇನ್ರಿ? ನಾಳಿಗೆ ಒಂದ್ ನಂಬರ್ ಹಚ್ಚ್ರಿ. ನಮ್ಮ ಹುಡುಗ ಒಂದ ಕಡೆ ಕುಂಡ್ರವಲ್ಲ" ಎನ್ನುತ್ತಾರೆ. ಬಾಯಾರು ತೀರಿಹೋದರು ಎಂದು ಹೇಳುತ್ತೇನೆ. "ಅಯ್ಯ ಶಿವನೇ" ಎನ್ನುತ್ತಾರೆ. ಆಮೇಲೆ, "ಹಂಗಾರ ಆ ಗುಳಿಗಿ ಕೊಡೋರು ಮತ್ತ್ಯಾರ ಅದಾರ್ರಿ?" ಎಂದು ಕೇಳುತ್ತಾರೆ. ಅವರ ತಪ್ಪೇನಿಲ್ಲ, ಮಕ್ಕಳನ್ನು ಹೆತ್ತವರು ಕೇಳಲೇಬೇಕು. ಹೇಳಿ ಹೇಳಿ ನನಗೇ ಸಾಕಾಗಿದೆ.

ನಾನು ನೀಲವ್ವ. ಗದಗಿನಲ್ಲಿ ಅವರ ಮಕ್ಕಳ ದವಾಖಾನೆಯಲ್ಲಿ ನಂಬರ್ ಚೀಟಿ ಕೊಡುವುದು, ಕೂಸುಗಳ ತೂಕ ನೋಡುವುದು, ಕಸ ಹೊಡೆಯುವುದು, ಚಹಾ ಕಾಸುವುದು, ಕಾಯ್ದು ಕಾಯ್ದು ಬೇಸತ್ತ ಜನರಿಂದ ಬೈಸಿಕೊಳ್ಳುವುದು, ಇವೆಲ್ಲ ನನ್ನ ಪಾಲಿನ ಕೆಲಸಗಳಾಗಿದ್ದವು. ಬೈಸಿಕೊಳ್ಳುವುದೇ ಹೆಚ್ಚು. ಏಕೆಂದರೆ ನಮ್ಮ ಬಾಯಾರ ಕೈಗೆ ಅವಸರ ಎನ್ನುವುದೇ ಗೊತ್ತಿರಲಿಲ್ಲ. ಜ್ವರ, ಕೆಮ್ಮು, ಭೇದಿಯ ಮಕ್ಕಳು ಹೇಗೋ ಸರಸರ ಹೋಗುತ್ತಿದ್ದವು. ಆದರೆ 'ಲಕ್ಷ್ಯದ ಜಡ್ಡಿ'ನ ಹುಡುಗ ಒಬ್ಬ ಒಳಗೆ ಹೋದನೆಂದರೆ ಹೊರಗೆ ಕೂತವರು ಬುತ್ತಿ ಬಿಚ್ಚುತ್ತಿದ್ದರು.

ಲಕ್ಷ್ಯ ಒಂದು ಕಡೆ ನಿಲ್ಲದ ಕಾಯಿಲೆಗೆ ಲಕ್ಷ್ಯದ ಜಡ್ಡು ಎಂಬ ಹೆಸರು ಜನರೇ ಇಟ್ಟದ್ದು. ಅದರ ಇಂಗ್ಲಿಷ್ ಹೆಸರು ನಾಲ್ಕು ಅಕ್ಷರದ್ದು, ಎಡಿಎಚ್‌ಡಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಹೆಸರು ಹೇಳಿಕೊಂಡು ಬಂದವರನ್ನು ಕಂಡ ನೆನಪಿಲ್ಲ. ಈಚೀಚೆಗೆ ಮೆಟ್ಟಿಲು ಹತ್ತುವಾಗಲೇ ಹೇಳುತ್ತಿದ್ದರು. "ಸಾಲ್ಯಾಗ ಹೇಳ್ಯಾರ್ರಿ", "ಮೊಬೈಲನ್ಯಾಗ ನೋಡೇವ್ರಿ", "ನಮ್ಮ ಓಣ್ಯಾಗ ಒಬ್ಬಗ ಐತ್ರಿ, ಇವಗೂ ಹಂಗ ಐತಿ". ಕೆಲವರಂತೂ ಯಾವ ಗುಳಿಗೆ ಬೇಕೆಂದು ಮನೆಯಲ್ಲೇ ಮಾತಾಡಿಕೊಂಡು ಬಂದಿರುತ್ತಿದ್ದರು. ನಮ್ಮ ಬಾಯಾರು ಬರೀ ಮಕ್ಕಳ ಡಾಕ್ಟರು. ಇಂಥ ಮಕ್ಕಳು ಬರುವುದು ಹೆಚ್ಚಾದಾಗ, ಮಂಡಿ ನೋವಿದ್ದರೂ ಧಾರವಾಡಕ್ಕೆ ಹೋಗಿ ಬಂದು ಮಾಡಿ, ತಮಗಿಂತ ಸಣ್ಣ ವಯಸ್ಸಿನವರ ಮುಂದೆ ಕೂತು ಅದನ್ನೂ ಕಲಿತು ಬಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಬಾಗಿಲ ಮೇಲಿನ ಬೋರ್ಡಿನಲ್ಲಿ ಕೂಡ 'ಮಕ್ಕಳ ದವಾಖಾನೆ' ಎಂದಷ್ಟೇ ಇತ್ತು. ದುಂಡನೆಯ ಹೆಂಗಸು. ಕಾಟನ್ ಸೀರೆ, ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಚಾಳೀಸಿನ ಕನ್ನಡಕ. ಮಾತು ಮೆಲ್ಲಗೆ. ಯಾರು ಏನು ಕೇಳಿದರೂ ಮೊದಲು ಚಾಳೀಸು ತೆಗೆದು ಸೆರಗಿನಿಂದ ಒರೆಸಿ, "ಆತು, ನೋಡೂಣು" ಎನ್ನುತ್ತಿದ್ದರು. ಒಪ್ಪಿದ್ದಕ್ಕೂ ಅದೇ, ಒಪ್ಪದ್ದಕ್ಕೂ ಅದೇ. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆ ಬಾಯಾರ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. ಅದಕ್ಕೂ "ನೋಡೂಣು" ಎಂದಿದ್ದರು, ಅರವತ್ತು ದಾಟಿದ ಮೇಲೆ.

ಮೇಜಿನ ಕೆಳಗಿನ ಡಬ್ಬಿಯಲ್ಲಿ ಯಾವಾಗಲೂ ಸಿಪ್ಪೆಯಿದ್ದ ಶೇಂಗಾ ಇರುತ್ತಿತ್ತು. ಒಳಗೆ ಬಂದ ಹುಡುಗನ ಮುಂದೆ ಒಂದು ಹಿಡಿ ಸುರಿಯುತ್ತಿದ್ದರು, ತಮ್ಮ ಮುಂದೆಯೂ ಒಂದು ಹಿಡಿ. ಇಬ್ಬರೂ ಸುಲಿದು ತಿನ್ನುತ್ತ ಕೂರುವುದು. ಜನ ಅದಕ್ಕೆ ಶೇಂಗಾ ಪರೀಕ್ಷೆ ಎಂದು ಹೆಸರಿಟ್ಟು, ಮನೆಯಲ್ಲಿ ಮಕ್ಕಳಿಗೆ ಸುಲಿಯುವುದನ್ನು ರೂಢಿ ಮಾಡಿಸಿ ಕರೆತರಲು ಸುರು ಮಾಡಿದರು. ಇದನ್ನು ಹೇಳಿದಾಗ ಬಾಯಾರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಪರೀಕ್ಷೆ ಎಲ್ಲೀದ ನೀಲವ್ವ, ನನಗ ಹಸಿವಿ ಆಗಿರತೈತಿ" ಎಂದರು.

ದವಾಖಾನೆ ದೊಡ್ಡದೇನಲ್ಲ. ಒಂದು ಕೋಣೆ, ಅದರ ಮುಂದೆ ತಗಡು ಹೊದಿಸಿದ ಪಡಸಾಲೆ. ಪಕ್ಕದ ಬೇವಿನ ಗಿಡದಿಂದ ಹಣ್ಣು ಬಿದ್ದರೆ ತಗಡಿನ ಮೇಲೆ ಟಣ್ ಎನ್ನುತ್ತಿತ್ತು. ಮಂಗ ಹಾರಿದರೆ ಕೇಳಲೇಬೇಡಿ. ಒಮ್ಮೆ ಒಬ್ಬ ತಾಯಿ, "ನೋಡ್ರಿ, ನೋಡ್ರಿ, ಸಣ್ಣ ಸಪ್ಪಳ ಆದ್ರೂ ಹೆಂಗ ಮ್ಯಾಲ ನೋಡತಾನ" ಎಂದು ಮಗನನ್ನು ತೋರಿಸಿದಳು. ಬಾಯಾರೂ ಮೇಲೆ ನೋಡುತ್ತಿದ್ದರು. "ಸಪ್ಪಳ ಆದ್ರ ನೋಡೋದು ಜಡ್ಡು ಅಂದ್ರ ಮೊದಲ ನಾನ ಗುಳಿಗಿ ನುಂಗಬೇಕು ನೋಡವಾ" ಎಂದರು. ಆ ತಾಯಿಗೆ ನಗು ಬರಲಿಲ್ಲ. ಅವಳು ಎರಡು ಬಸ್ಸು ಬದಲಿಸಿ ಬಂದಿದ್ದಳು.

"ಮಕ್ಕಳು ತಾವಾಗಿ ಬರೂದಿಲ್ಲ ನೀಲವ್ವ, ಕರಕೊಂಡ ಬರತಾರ. ಮೊದಲ ಕರಕೊಂಡ ಬಂದವರನ್ನ ನೋಡಬೇಕು." ಇದು ಅವರು ನನಗೆ ಎಷ್ಟೋ ಸಲ ಹೇಳಿದ ಮಾತು. ಹಾಗೆ ನೋಡಲು ಅವರು ಒಂದು ಬಿದಿರಿನ ಬುಟ್ಟಿ ಇಟ್ಟಿದ್ದರು. ಒಳಗೆ ಬಂದ ತಂದೆತಾಯಿ ತಮ್ಮ ಮೊಬೈಲನ್ನು ಅದರಲ್ಲಿ ಹಾಕಬೇಕು. ಲಕ್ಷ್ಮೇಶ್ವರದ ಒಬ್ಬ ಕಿರಾಣಿ ಅಂಗಡಿಯವರು ಮಗನನ್ನು ಕರೆತಂದಿದ್ದರು. ಹುಡುಗ ಶೇಂಗಾ ಸುಲಿಯುತ್ತ ಕೂತ. ತಂದೆ ಮಗನ ತಂಟೆ ವರದಿ ಮಾಡುತ್ತಲೇ ಬುಟ್ಟಿಯ ಕಡೆ ನೋಡಿದರು, ಜೇಬು ಮುಟ್ಟಿಕೊಂಡರು, ಎದ್ದರು, ಕೂತರು. ಬುಟ್ಟಿಯೊಳಗಿನ ಮೊಬೈಲು ಗುರ್ ಎಂದಾಗ ಮಾತು ಅರ್ಧಕ್ಕೇ ಬಿಟ್ಟು ಕೈ ಚಾಚಿಯೇಬಿಟ್ಟರು. ಬಾಯಾರು ಚಾಳೀಸಿನ ಮೇಲಿಂದ ನೋಡಿ, "ನಿಮ್ಮ ಹೆಸರಿಗೂ ಒಂದ್ ನಂಬರ್ ಹಚ್ಚಿಸಲ್ಯೇನ್ರಿ ಸಾಹುಕಾರ್ರ?" ಎಂದರು. ಆ ಮನುಷ್ಯ ಒಳ್ಳೆಯವರು. ನಾಚಿ ನಕ್ಕರು. "ಅಂಗಡಿ ವ್ಯವಹಾರ ಎಲ್ಲಾ ಅದರಾಗ ಐತ್ರಿ ಬಾಯಾರ, ಏನ್ ಮಾಡೋದ್ರಿ?" ಎಂದರು. ಬಾಯಾರು ತಾವೇ ಬುಟ್ಟಿಯಿಂದ ಮೊಬೈಲು ತೆಗೆದು ಅವರ ಕೈಗೆ ಕೊಟ್ಟರು.

ಮೊದಲು ಇದೆಲ್ಲ ಇರಲಿಲ್ಲ, ಈಗ ಯಾಕೆ ಇಷ್ಟು ಹೆಚ್ಚಾಗಿದೆ? ಇದನ್ನು ಕೇಳದೆ ಹೋದವರೇ ಇಲ್ಲ. ತಮಾಷೆ ಎಂದರೆ ಬಾಯಾರು ಒಬ್ಬರಿಗೆ ಹೇಳಿದ ಉತ್ತರ ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಮೊಬೈಲು ಎಂದು ಒಬ್ಬರಿಗೆ, ನಿದ್ದೆ ಎಂದು ಇನ್ನೊಬ್ಬರಿಗೆ, ಕ್ಲಾಸಿನಲ್ಲಿ ಕುರಿ ತುಂಬಿದ ಹಾಗೆ ಮಕ್ಕಳನ್ನು ತುಂಬಿರುವುದು ಎಂದು ಮತ್ತೊಬ್ಬರಿಗೆ. ನನಗೆ ಸಿಟ್ಟು ಬಂತು.

"ಅಲ್ರೀ ಬಾಯಾರ, ಮುಂಜಾನೆ ಒಂದ್ ಹೇಳತೀರಿ, ಮಧ್ಯಾಹ್ನ ಒಂದ್ ಹೇಳತೀರಿ. ಖರೇ ಯಾವುದು?"

"ಎಲ್ಲಾನೂ ಖರೇನ. ಒಂದ ಕಾರಣ ಇದ್ದಿದ್ರ ಪಾಟಿ ಮ್ಯಾಲೆ ಬರದು ಬಾಗಲಿಗೆ ತೂಗಹಾಕತಿದ್ನೆಲ್ಲಾ. ನೀನೂ ನಾನೂ ಜಲ್ದಿ ಮನಿಗೆ ಹೋಗತಿದ್ವಿ."

ಶಿರಹಟ್ಟಿಯ ಒಬ್ಬ ಹೆಣ್ಣುಮಗಳು ಮಗನನ್ನು ಕರೆತಂದಳು. ಹುಡುಗ ಕುರ್ಚಿಯ ಮೇಲೆ ಹತ್ತಿ ಇಳಿದು, ತಕ್ಕಡಿ ಎಳೆದು, ನನ್ನ ಚೀಟಿಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿ ಇಟ್ಟ. ಬಾಯಾರು ಅವನ ದಿನಚರಿ ಕೇಳುತ್ತ ಹೋದರು. ನಸುಕಿನಲ್ಲೇ ಎಬ್ಬಿಸುತ್ತಾರೆ, ಶಾಲೆಯ ಗಾಡಿ ಊರೂರು ಸುತ್ತಿ ಹೋಗುತ್ತದೆ, ಸಂಜೆ ಟ್ಯೂಷನ್ನು, ಆಮೇಲೆ ಇರುವ ಒಂದೇ ಕೋಣೆಯಲ್ಲಿ ದೊಡ್ಡವರು ಟಿವಿ ಆರಿಸುವವರೆಗೆ ಅವನಿಗೂ ನಿದ್ದೆಯಿಲ್ಲ. "ದೊಡ್ಡವರು ನಿದ್ದಿ ಕೆಟ್ರ ತೂಕಡಸತಾರ, ಮಕ್ಕಳು ನಿದ್ದಿ ಕೆಟ್ರ ಕುಣೀತಾವು. ಒಂದ ತಿಂಗಳು ಇವನ ನಿದ್ದಿ ಸರಿ ಮಾಡ್ರಿ, ಆಮ್ಯಾಲ ನೋಡೂಣು" ಎಂದರು ಬಾಯಾರು. ಆ ತಾಯಿ ರೇಗಿದಳು. "ಮಲಗಸ್ರಿ ಅಂತ ಹೇಳಸ್ಕೊಳ್ಳಾಕ ಇಷ್ಟ ದೂರ ಬರಬೇಕಾಗಿತ್ತೇನ್ರಿ?" ಎಂದು ಹುಡುಗನ ರಟ್ಟೆ ಹಿಡಿದು ಹೊರಟೇಹೋದಳು. ಅವಳು ಆಮೇಲೆ ಬೇರೆ ಊರಲ್ಲಿ ತೋರಿಸಿ ಗುಳಿಗೆ ತಂದಳೆಂದು ಯಾರೋ ಹೇಳಿದರು. ನಾನು ಆ ಡಾಕ್ಟರನ್ನು ಬೈದೆ. ಬಾಯಾರು ತಡೆದರು. "ಬೈಬ್ಯಾಡ. ಅವರ ಮುಂದ ಆಕಿ ನಿದ್ದಿ ಮಾತು ಎತ್ತಿರಂಗಿಲ್ಲ. ಅವರಿಗೂ ಹೊರಗ ಸಾಲು ಹಚ್ಚಿರತೈತಿ."

ಇಷ್ಟು ಕೇಳಿ ಬಾಯಾರು ಗುಳಿಗೆಯ ವಿರೋಧಿ ಎಂದುಕೊಂಡರೆ ತಪ್ಪು. ಮುಂಡರಗಿ ಕಡೆಯಿಂದ, ಸಿಂಗಟಾಲೂರಿನ ಹತ್ತಿರದ ಹಳ್ಳಿಯವರು, ಒಬ್ಬ ಹುಡುಗಿಯನ್ನು ಹೊಟ್ಟೆನೋವೆಂದು ಕರೆತಂದಿದ್ದರು. ತಂಟೆಯಿಲ್ಲ, ಮಾತಿಲ್ಲ, ಗೋಡೆ ನೋಡುತ್ತ ಕೂತಿತ್ತು. ಶೇಂಗಾ ಒಂದು ಸುಲಿದು ಕೈಯಲ್ಲೇ ಹಿಡಿದುಕೊಂಡು ಮರೆತುಬಿಟ್ಟಿತ್ತು. ತಂದೆ, "ಶಾಣೇಕಿ ಅಲ್ರಿ, ಅಷ್ಟ. ಈ ವರ್ಷ ಸಾಲಿ ಬಿಡಸ್ತೇವ್ರಿ" ಎಂದ. ಬಾಯಾರು ಅವಳನ್ನು ಹಲವು ಸಲ ಕರೆಸಿದರು, ಶಾಲೆಯ ಅಕ್ಕೋರನ್ನು ಫೋನಿನಲ್ಲಿ ಹಿಡಿದು ಮಾತಾಡಿದರು, ಆಮೇಲೆ ಗುಳಿಗೆ ಕೊಟ್ಟರು. ಮುಂದಿನ ಬೇಸಿಗೆಯಲ್ಲಿ ಆ ಹುಡುಗಿ ಬಂದು ಒಂದು ಕಥೆಯನ್ನು ಸುರುವಿನಿಂದ ಕೊನೆಯವರೆಗೆ ಓದಿ ತೋರಿಸಿತು. ಅವರು ಹೋದಮೇಲೆ ನಾನು ಚಹಾ ತೆಗೆದುಕೊಂಡು ಒಳಗೆ ಹೋದರೆ ಬಾಯಾರು ಅಳುತ್ತಿದ್ದರು. "ಇಂಥಾವು ಎಷ್ಟ ಹುಡುಗ್ಯಾರನ್ನ ದಡ್ಡಿ ಅಂತ ಸಾಲಿ ಬಿಡಿಸಿ ಮದಿವಿ ಮಾಡಿ ಕೊಟ್ಟೇವೋ. ಈಗ ಅದಕ್ಕೊಂದು ಹೆಸರ ಬಂದೈತಿ. ಹೆಚ್ಚಾಗ್ಯಾವು ಅಂತ ಕೇಳತಾರಲ್ಲ, ಇದೂ ಒಂದ ಕಾರಣ" ಎಂದರು. ಆ ದಿನ ಮತ್ತೆ ಯಾರನ್ನೂ ಒಳಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ, ಆದರೆ ಪಡಸಾಲೆ ತುಂಬ ಜನ ಇದ್ದರು.

ಇದೆಲ್ಲ ಊರವರ ಮಕ್ಕಳ ಮಾತಾಯಿತು. ಕಡೆಗೆ ನನ್ನ ಮೊಮ್ಮಗನ ಸರದಿ ಬಂತು.

ನನ್ನ ಮಗಳು ಸವಿತಾಳನ್ನು ಬೆಟಗೇರಿಯ ನೇಕಾರರ ಮನೆಗೆ ಕೊಟ್ಟಿದ್ದೇನೆ. ಕೂಡಿದ ಮನೆ. ಅವಳ ಭಾವ, ಎಂದರೆ ಗಂಡನ ಅಣ್ಣ, ಇನ್ನೂ ಮಗ್ಗದ ಮೇಲೆ ಕೂರುತ್ತಾರೆ, ನನ್ನ ಅಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಭಾವನ ಮಗ ಬಸು, ಸವಿತಾಳ ಮಗ ವೀರು. ಆ ಮನೆಯಲ್ಲಿ ಇಬ್ಬರನ್ನೂ ಕರೆಯುವುದೇ 'ಜೋಡಿ' ಎಂದು. ಒಂದೇ ತಾನಿನ ಬಟ್ಟೆಯಲ್ಲಿ ಇಬ್ಬರಿಗೂ ಅಂಗಿ, ಒಂದೇ ತಾಟಿನಲ್ಲಿ ಊಟ. ಬಸುವಿಗೆ ಶಾಲೆಯ ವಯಸ್ಸಾದಾಗ, ವೀರುವನ್ನೂ ಅವನ ಜೊತೆಗೇ ಹಾಕಿದರು. ಒಂದೇ ಆಟೋ, ಒಂದೇ ಟ್ಯೂಷನ್ನು, ಒಬ್ಬರಿಗೊಬ್ಬರು ಜೊತೆ. ಬೆಟಗೇರಿಯಲ್ಲಿ ಕೂಡಿದ ಮನೆಗಳವರು ಎಷ್ಟೋ ಮಂದಿ ಹೀಗೇ ಮಾಡುತ್ತಾರೆ. ಅದರಲ್ಲಿ ತಪ್ಪೇನಾದರೂ ಇದ್ದೀತೆಂದು ಯಾರಿಗೂ ಅನ್ನಿಸಿರಲಿಲ್ಲ, ನನಗೂ.

ಒಂದನೇ ತರಗತಿಗೆ ಬಂದ ಮೇಲೆ ದೂರು ಸುರುವಾದವು. ಬಸು ಕೂತು ಬರೆಯುತ್ತಾನೆ, ವೀರು ಬೆಂಚಿನ ಕೆಳಗಿರುತ್ತಾನೆ. ಬಸುವಿನ ಡಬ್ಬಿ ಮನೆಗೆ ಬರುತ್ತದೆ, ವೀರುವಿನದು ಎಲ್ಲೋ ಹೋಗುತ್ತದೆ. ಪೆನ್ಸಿಲು, ರಬ್ಬರು, ಒಂದು ಸಲ ಒಂದು ಕಾಲಿನ ಬೂಟು ಕೂಡ. ಹೇಳಿದ ಮಾತು ಹೊಸ್ತಿಲು ದಾಟುವಷ್ಟರಲ್ಲಿ ಮರೆತಿರುತ್ತಾನೆ. "ಅವ ಹೆಂಗ ಶಾಣ್ಯಾ ಅದಾನ, ನಿನಗೇನ್ ಧಾಡಿ?" ಎಂದು ಮನೆಯಲ್ಲಿ ದಿನವೂ ಬೈಗುಳ. ಹುಡುಗನನ್ನು ಡಾಕ್ಟರಿಗೆ ತೋರಿಸಬೇಕು, ಇವನಿಂದ ಉಳಿದ ಮಕ್ಕಳು ಕೆಡುತ್ತಾರೆ ಎಂದು ಶಾಲೆಯವರು ಹೇಳಿ ಕಳಿಸಿದರು. ಅಳಿಯನಿಗೆ ಅವಮಾನವಾಯಿತು. ಅವನು ಮುಂಡರಗಿ ಕಡೆಯ ಒಂದು ವಸತಿ ಶಾಲೆಗೆ ಹೋಗಿ ಮಾತಾಡಿಯೇ ಬಂದ. ಯುಗಾದಿಯೊಳಗೆ ಹುಡುಗ ದಾರಿಗೆ ಬರದಿದ್ದರೆ ಹಾಸ್ಟೆಲಿಗೆ ಎಂದು ತೀರ್ಮಾನ ಹೇಳಿದ.

ಸವಿತಾ ನನ್ನ ಮುಂದೆ ಕೂತು ಅತ್ತಳು. "ಯವ್ವಾ, ಅವಗ ಇನ್ನೂ ತನ್ನ ಚಡ್ಡಿ ಗುಂಡಿ ಹಾಕ್ಕೊಳ್ಳಾಕ ಬರಂಗಿಲ್ಲ. ಹಾಸ್ಟೆಲ್ಲಿನ್ಯಾಗ ಹೆಂಗ ಇರತಾನವಾ? ನಿಮ್ಮ ಬಾಯಾರಿಗೆ ಹೇಳಿ ಗುಳಿಗಿ ಕೊಡಸು. ಏನರ ಆಗಲಿ, ಮನ್ಯಾಗ ಉಳದ್ರ ಸಾಕು."

ಮರುದಿನವೇ ಬಾಯಾರಿಗೆ ಹೇಳಿದೆ. ಅವರು ಹುಡುಗನನ್ನು ಕರೆಸಿ ನೋಡಿದರು, ಶೇಂಗಾ ತಿನ್ನಿಸಿದರು, ಗುಳಿಗೆ ಬರೆಯಲಿಲ್ಲ. "ಅವರಪ್ಪನ್ನ ಕರಕೊಂಡ ಬಾ" ಎಂದರು. ಅಳಿಯ, "ನನ್ನ ಮಗ ಹುಚ್ಚ ಅಲ್ಲ, ದವಾಖಾನಿ ಮೆಟ್ಟಲ ನಾ ಹತ್ತಂಗಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ. ಇದನ್ನೂ ಬಾಯಾರಿಗೆ ಹೇಳಿದೆ. ಬಾಯಾರು ಚಾಳೀಸು ಒರೆಸಿದರು. "ಆತು, ಅವರು ಬರದಿದ್ರ ನಾವ ಹೋಗೂಣು."

ಮನೆಗಳಿಗೆ ಹೋಗಿ ನೋಡುವ ಪರಿಪಾಠ ಅವರಿಗೆ ಇರಲಿಲ್ಲ, ಮಂಡಿಯೂ ಬಿಡುತ್ತಿರಲಿಲ್ಲ. ಸಂಕ್ರಾಂತಿಯ ಸುಮಾರಿಗೆ ಒಂದು ಭಾನುವಾರ ಆಟೋದಲ್ಲಿ ಕೂತು ಬೆಟಗೇರಿಗೆ ಬಂದರು. ಡಾಕ್ಟರ್ ಬಾಯಾರು ಬಂದರೆಂದು ಓಣಿಯೆಲ್ಲ ಬಾಗಿಲಿಗೆ ಬಂತು. ಕುರ್ಚಿ ಕೊಟ್ಟರೆ ಬೇಡವೆಂದು ಮಗ್ಗದ ಕುಣಿಯ, ನೇಕಾರರು ಕಾಲಿಡುವ ಗುಂಡಿಯ, ಅಂಚಿನಲ್ಲೇ ಕಾಲು ಇಳಿಬಿಟ್ಟು ಕೂತರು. "ನೇಯ್ರಿ, ನೇಯ್ರಿ, ನಿಲ್ಲಸಬ್ಯಾಡ್ರಿ" ಎಂದು ಭಾವನಿಗೆ ಹೇಳಿ, ಲಾಳಿ ಆ ಕಡೆ ಈ ಕಡೆ ಓಡುವುದನ್ನು ನೋಡುತ್ತ ಚಹಾ ಕುಡಿದರು. ಅಳಿಯ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಬಂದ ಡಾಕ್ಟರು ಮಗನ ಸುದ್ದಿಯನ್ನೇ ಎತ್ತದೆ ಹೋದಾರೋ ಏನೋ ಎಂದು ನನಗೆ ಚಡಪಡಿಕೆ.

ಅಷ್ಟರಲ್ಲಿ ಜೋಡಿ ಬಂತು. ಹೊರಗೆ ಆಡಿ ಬೆವರಿ ಬಂದಿದ್ದವು, ಇಬ್ಬರ ಮೈಮೇಲೂ ಅದೇ ಅಂಗಿ. ಬಾಯಾರು ಇಬ್ಬರನ್ನೂ ಮುಂದೆ ನಿಲ್ಲಿಸಿಕೊಂಡರು. "ಹಲ್ಲ ತೋರಸ್ರಿ ನೋಡೂಣು." ಬಸು ಬಾಯಿ ತೆಗೆದ. ಮುಂದಿನವು ಬಿದ್ದು ಹೊಸ ಹಲ್ಲು, ಸಲಿಕೆಯಂತಹ ಹಲ್ಲು ಬಂದಿದ್ದವು. ವೀರು ತುಟಿ ಬಿಗಿಹಿಡಿದ. ಪುಸಲಾಯಿಸಿದ ಮೇಲೆ ತೆಗೆದ. ಅಕ್ಕಿಕಾಳಿನಂಥ ಹಾಲುಹಲ್ಲು, ಒಂದೂ ಅಲುಗಾಡಿರಲಿಲ್ಲ.

"ಬಸೂಂದು ಬಿದ್ದಾವ್ರಿ, ನಂದು ಬೀಳವಲ್ವು" ಎಂದ ವೀರು, ಅಳುವ ದನಿಯಲ್ಲಿ. "ಎಲ್ಲಾರೂ ಹಾಲಹಲ್ಲ ಅಂತಾರ್ರಿ."

ಬಾಯಾರು ನನ್ನ ಬೀಗತಿಯ ಕಡೆ ತಿರುಗಿದರು. "ಇವರಿಬ್ಬರೂ ಯಾವಾಗ ಹುಟ್ಟ್ಯಾರವ್ವಾ?"

"ಒಂದ ವರ್ಷದವರ್ರಿ ಬಾಯಾರ. ಬಸು ಪಂಚಮಿ ಹಬ್ಬದಾಗ್ರಿ. ವೀರು ಅದರ ಮುಂದಿನ ಕಾರಹುಣ್ಣಿವಿಗ್ರಿ."

"ಶ್ರಾವಣದ ಪಂಚಮಿ. ಕಾರಹುಣ್ಣಿವಿ ಅಂದ್ರ ಮುಂದಿನ ವರ್ಷದ ಮುಂಗಾರು ಬಂದಿತ್ತು. ಇನ್ನೇನ್ ಸ್ವಲ್ಪ ದಿನಕ್ಕ ಬಸು ವರ್ಷದ ಕೂಸು ಆಗತಿದ್ದ. ಇದು ಒಂದ ವರ್ಷ ಹೆಂಗಾತವ್ವಾ?"

ಮಗ್ಗ ನಿಂತಿತು. ನೇಯುತ್ತಿದ್ದ ಭಾವ ತಲೆ ಎತ್ತಿದರು. ವೀರು ಹುಟ್ಟಿದ್ದು ನನ್ನ ಮನೆಯಲ್ಲೇ. ಎತ್ತುಗಳಿಗೆ ಬಣ್ಣ ಹಚ್ಚುತ್ತಿದ್ದ ದಿನ ಸವಿತಾಳಿಗೆ ನೋವು ಸುರುವಾದದ್ದು ನನಗೆ ನಿನ್ನೆ ನಡೆದಂತೆ ನೆನಪಿದೆ. ಎಲ್ಲರಿಗೂ ಗೊತ್ತಿದ್ದದ್ದೇ. ಜೋಡಿ, ಜೋಡಿ ಎಂದು ಅಂದೂ ಅಂದೂ ಇಬ್ಬರೂ ಒಂದೇ ದಿನ ಹುಟ್ಟಿದವರಂತೆ ನಮ್ಮ ತಲೆಯಲ್ಲಿ ಕೂತುಬಿಟ್ಟಿದ್ದರು.

ಬಾಯಾರು ಭಾವನನ್ನೇ ಕೇಳಿದರು, "ಮಗ್ಗದ ಮ್ಯಾಲಿಂದ ಸೀರಿ ಪೂರಾ ಆಗೂದರಾಗ ಕತ್ತರಿಸಿ, ಇದು ಗಿಡ್ಡ ಬಂತು ಅಂತ ಸೀರೀನ ಬೈತೀರೇನ್ರಿ?"

ಬಾಗಿಲಲ್ಲಿದ್ದ ಅಳಿಯ ಒಂದು ಹೆಜ್ಜೆ ಒಳಗೆ ಬಂದ. "ಅಂದ್ರ ನನ್ನ ಮಗಗ ಏನೂ ಇಲ್ಲಲ್ರಿ? ಹಂಗಂತ ಬರದ ಕೊಡ್ರಿ, ಸಾಲ್ಯಾಗ ತೋರಸ್ತೇನಿ."

ನಾನಾಗಿದ್ದರೆ ಬರೆದುಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಬಾಯಾರು ಚಾಳೀಸು ತೆಗೆದರು. ಮುಖ ಬಹಳ ದಣಿದಿತ್ತು. "ಅದನ್ನ ನಾ ಹೇಳಂಗಿಲ್ಲಪ್ಪಾ. ಕ್ಲಾಸಿನ್ಯಾಗ ಎಲ್ಲಾರಿಗಿಂತ ಸಣ್ಣಾವ ಇವ. ಸಣ್ಣಾವರಿಗೆನ ಈ ಹೆಸರು ಜಲ್ದಿ ಬೀಳತೈತಿ, ಅಷ್ಟು ನನಗ ಗೊತ್ತೈತಿ. ಅದರ ಸಂಬಂಧ ಇವಗ ಜಡ್ಡು ಇಲ್ಲಾ ಅಂತ ಆಗಂಗಿಲ್ಲ. ಇದ್ದರೂ ಇರಬಹುದು. ಒಂದ ವರ್ಷ ಹಿಂದ ಕುಂಡ್ರಸ್ರಿ. ಅವನ ಸರೀಕರ ಜೋಡಿ ಕುಂತಾಗ ಹೆಂಗ ಇರತಾನ ನೋಡೂಣು. ಆಗನೂ ಹಿಂಗ ಇದ್ರ ಗುಳಿಗಿ ನಾನ ಕೊಡತೇನಿ. ಹಾಸ್ಟೆಲ್ ಮಾತ್ರ ಬ್ಯಾಡ. ಇದಕ್ಕ ಹಾಸ್ಟೆಲ್ ಔಷಧ ಅಲ್ಲ."

"ಹಿಂದ ಕುಂಡ್ರಸಿದ್ರ ಫೇಲ್ ಅಂತಾರ್ರಿ ಮಂದಿ."

"ಅಂತಾರ. ನೀನು ಅನಬ್ಯಾಡ, ಅಷ್ಟ ಮಾಡು."

ಏಳುವಾಗ ಅವರ ಮಂಡಿ ಹಿಡಿದುಕೊಂಡಿತು. ನಾನು ಒಂದು ಕೈ, ಅಳಿಯ ಒಂದು ಕೈ ಹಿಡಿದು ಎಬ್ಬಿಸಿದೆವು. ಆಟೋ ಹತ್ತುವ ಮೊದಲು ವೀರುವನ್ನು ಹತ್ತಿರ ಕರೆದರು. "ನಿನ್ನ ಹಲ್ಲಿಗೆ ಅವಸರ ಇಲ್ಲಪಾ. ಬೀಳತಾವು. ಬಿದ್ದ ದಿನಾ ಮಾಳಗಿ ಮ್ಯಾಲೆ ಒಗದು ಸುಮ್ಮನ ಆಗಬ್ಯಾಡ, ಮೊದಲ ನನಗ ತೋರ್ಸಾಕ ಬಾ. ಮರೀತೀಯೇನು?" ಹುಡುಗ ಇಲ್ಲವೆಂದು ತಲೆಯಾಡಿಸಿದ. ಅವನು ಮರೆಯದ ವಸ್ತು ಯಾವುದಿತ್ತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಯುಗಾದಿಯವರೆಗೂ ಆ ಮನೆಯಲ್ಲಿ ಜಗಳ. ಕೊನೆಗೆ ಭಾವನೇ ಮುಂದೆ ಬಿದ್ದು ತಮ್ಮನನ್ನು ಒಪ್ಪಿಸಿದರಂತೆ. ಹಾಸ್ಟೆಲ್ ಮಾತು ಬಿತ್ತು. ಜೂನಿನಲ್ಲಿ ವೀರುವನ್ನು ಓಣಿಯ ಸರಕಾರಿ ಕನ್ನಡ ಶಾಲೆಯಲ್ಲಿ ಮತ್ತೆ ಒಂದನೇ ತರಗತಿಗೆ ಹಾಕಿದರು. ಆ ದಿನ ನಾನೂ ಅಲ್ಲಿದ್ದೆ. ಬಸು ಆಟೋ ಹತ್ತಿದ. ವೀರುವೂ ಅಭ್ಯಾಸದಂತೆ ಹತ್ತಲು ಹೋದ. ಇಳಿಸಿದರು. "ನಾ ಏನ್ ಮಾಡೇನಿ? ಬಸೂನ ಜೋಡಿ ಯಾಕ ಬ್ಯಾಡ?" ಎಂದು ನೆಲಕ್ಕೆ ಬಿದ್ದು ಅತ್ತ. ಆಟೋದೊಳಗೆ ಬಸುವೂ ಅಳುತ್ತಿದ್ದ. ಬಾಯಾರ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ದವಾಖಾನೆಗೆ ಹೋಗಿ ಮುಖ ಊದಿಸಿಕೊಂಡೇ ಕಸ ಹೊಡೆದೆ. ಅವರು ಕೇಳಿದರು, ಹೇಳಿದೆ.

ಚಾಳೀಸು ತೆಗೆದು ಮೇಜಿನ ಮೇಲಿಟ್ಟರು. "ಅವನ ಒಂದ ವರ್ಷ ಉಳಿಸೇನೋ ಕಳದೇನೋ ನನಗೂ ಗೊತ್ತಿಲ್ಲ ನೀಲವ್ವ. ಇಷ್ಟ ವರ್ಷ ಆದ್ರೂ ಗೊತ್ತಾಗವಲ್ದು" ಎಂದರು. ಆ ದಿನ ನನಗೆ ಅವರ ಬಗ್ಗೆ ಹೆದರಿಕೆಯಾಯಿತು. ಮನುಷ್ಯರು ಒಳಗಿಂದ ಸೋತಾಗ ಹಾಗೆ ಮಾತಾಡುತ್ತಾರೆ.

ಮಳೆಗಾಲದಲ್ಲಿ ಸಕ್ಕರೆ ಕಾಯಿಲೆ ಏರಿತು, ಎದೆ ತೊಂದರೆ ಕೊಟ್ಟಿತು. ದವಾಖಾನೆ ಮುಚ್ಚಿ ಧಾರವಾಡದ ತಂಗಿಯ ಮನೆಗೆ ಹೊರಟರು. ಹೋಗುವ ಮುಂಚೆ ಶೇಂಗಾ ಡಬ್ಬಿ ನನ್ನ ಕೈಗೆ ಕೊಟ್ಟು, "ಹುಳ ಬೀಳತಾವು, ಮಕ್ಕಳಿಗೆ ಹಂಚಿಬಿಡು" ಎಂದರು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಎರಡು ಮಾತಾಡಿದರೆ ಏದುಸಿರು. ಆದರೂ ಪ್ರತಿ ಸಲ ಕೇಳುತ್ತಿದ್ದರು, "ವೀರೂಂದು ಹಲ್ಲ ಬಿತ್ತೇನು?"

"ಇನ್ನೂ ಇಲ್ರಿ ಬಾಯಾರ. ಒಂದ ಅಳಗ್ಯಾಡಾಕ ಹತ್ತೈತ್ರಿ."

"ಆತು, ನೋಡೂಣು."

ನನ್ನೊಡನೆ ಅವರು ಆಡಿದ ಕೊನೆಯ ಮಾತು ಅದೇ. ದಸರೆಗೆ ಮುಂಚೆ ತೀರಿಹೋದ ಖಬರ ಬಂತು. ನಾನು ಹೋಗಿ ಮುಖ ನೋಡಿ ಬಂದೆ. ಚಾಳೀಸು ಇಲ್ಲದ ಆ ಮುಖ ಗುರುತು ಸಿಗದ ಹಾಗೆ ಸಣ್ಣದಾಗಿತ್ತು. ಬಸ್ಸಿನಲ್ಲಿ ಮನೆ ಸೇರುವವರೆಗೂ ಅತ್ತೆ.

ವೀರು ಹೇಗಿದ್ದಾನೆಂದು ಕೇಳಿದರೆ ಸರಿಯಾದ ಉತ್ತರ ನನ್ನಲ್ಲಿಲ್ಲ. ಹೊಸ ಶಾಲೆಯ ಅಕ್ಕೋರು, "ಏಳತಾನ, ಓಡ್ಯಾಡತಾನ, ಆದ್ರ ಈಗ ಬರಿಯೋದು ಮುಗಿಸೇ ಏಳತಾನ" ಎನ್ನುತ್ತಾರೆ. ಅಲ್ಲಿ ಅವನಷ್ಟೇ ಎತ್ತರದ ಮಕ್ಕಳಿದ್ದಾರೆ, ಹಾಲುಹಲ್ಲು ಎಂದು ನಗುವವರಿಲ್ಲ. ಪೆನ್ಸಿಲು ಈಗಲೂ ಕಳೆಯುತ್ತಾನೆ. ವರ್ಷ ತುಂಬಿದ ಮೇಲೆ ಯಾರಿಗೆ ತೋರಿಸುವುದೋ ತಿಳಿಯದು. ಸವಿತಾ ಕೇಳಿದಾಗೆಲ್ಲ ನೋಡೋಣ ಎನ್ನುತ್ತೇನೆ.

ಹೋದ ಭಾನುವಾರ ಸವಿತಾ ಅವನನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಮೆಟ್ಟಿಲಲ್ಲೇ ಅವನು ಮುಷ್ಟಿ ಬಿಚ್ಚಿ ತೋರಿಸಿದ. ಅಕ್ಕಿಕಾಳಿನಂಥ ಹಲ್ಲು, ತುದಿಗೆ ಸ್ವಲ್ಪ ರಕ್ತ.

"ಮುಂಜಾನಿಂದ ಮುಷ್ಟಿ ಬಿಟ್ಟಿಲ್ಲ ನೋಡವಾ" ಎಂದಳು ಸವಿತಾ. "ಮಾಳಗಿ ಮ್ಯಾಲೆ ಒಗಿ ಅಂದ್ರ ಬ್ಯಾಡಂತ. ಮೊದಲ ಬಾಯಾರಿಗೆ ತೋರ್ಸಬೇಕಂತ. ಅವರು ಇಲ್ಲೋ ಅಂದ್ರೂ ಕೇಳವಲ್ಲ."

ಊಟದ ಡಬ್ಬಿ ಮರೆಯುವ ಹುಡುಗ. ಬೂಟು ಮರೆತು ಬಂದ ಹುಡುಗ. ನನಗೆ ನಿಂತ ನಿಲುವಿನಲ್ಲೇ ಕಣ್ಣು ತುಂಬಿ ಬಂತು. ಚಪ್ಪಲಿ ಮೆಟ್ಟಿ ಅವನ ಇನ್ನೊಂದು ಕೈ ಹಿಡಿದು ಹೊರಟೆ.

ದವಾಖಾನೆಯ ಶಟರಿನ ಮುಂದೆ ಬೇವಿನ ಎಲೆ ಗುಡ್ಡೆಯಾಗಿ ಬಿದ್ದಿತ್ತು. ಹುಡುಗ ಶಟರ್ ನೋಡಿದ, ಬೋರ್ಡು ನೋಡಿದ, ನನ್ನ ಮುಖ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದು ತನ್ನ ಶಕ್ತಿಯೆಲ್ಲ ಹಾಕಿ ಹಲ್ಲನ್ನು ಪಡಸಾಲೆಯ ತಗಡಿನ ಮೇಲೆ ಒಗೆದ. ಟಣ್ ಎಂದಿತು. ಇಬ್ಬರೂ ಮೇಲೆ ನೋಡಿದೆವು.

"ಬಾಯಾರಿಗೆ ಕೇಳಿಸ್ತೇನ್ ಆಯಿ?"

"ಕೇಳಿಸ್ತಪಾ. ನಡಿ ಮನಿಗೆ ಹೋಗೂಣು."

"ತಡಿ" ಎಂದ.

ಅಷ್ಟರಲ್ಲಿ ನನ್ನ ಸೊಂಟದಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಇನ್ನ್ಯಾರೋ, ಇನ್ನ್ಯಾವ ಊರವರೋ. ಹುಡುಗ ಅದರ ಕಡೆ ತಿರುಗಿ ಕೂಡ ನೋಡದೆ, ಕತ್ತು ಮೇಲೆತ್ತಿ, ತಗಡಿನ ಕಡೆಗೇ ಕಿವಿಗೊಟ್ಟು ನಿಂತೇ ಇದ್ದ. ನಾನೂ ತೆಗೆಯಲಿಲ್ಲ. ಫೋನು ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಯಿತು.